ಗೋಡೆಯ ಎರಡು ಮುಖ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದ ಹಿರಿಯರು ಮೂರನೆಯದೊಂದು ಮಾತನ್ನು ಅದಕ್ಕೆ ಸೇರಿಸಲು ಮರೆತರೆಂದೇ ಹೇಳಬೇಕು. ಕಟ್ಟಿದ ಮನೆಗೆ ಬಣ್ಣ ಬಳಿಸಿ ನೋಡಿದವರಿಗೆ ಈ ಕೊರತೆ ಚೆನ್ನಾಗಿ ತಿಳಿದೀತು. ಆದರೆ ಹಿರಿಯರ ಮೇಲೆ ತಪ್ಪು ಹೊರಿಸುವುದೂ ನ್ಯಾಯವಲ್ಲ. ಅವರ ಕಾಲಕ್ಕೆ ಗೋಡೆಗೆ ಇದ್ದುದು ಸುಣ್ಣವೊಂದೇ. ಹಬ್ಬ ಹತ್ತಿರವಾದಾಗ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸಿ, ಬೆಳ್ಳಗೆ ಕಾಣಲೆಂದು ಚಿಟಿಕೆ ನೀಲಿ, ಮೈಗೆ ಮೆತ್ತಿಕೊಳ್ಳದಿರಲೆಂದು ಒಂದಿಷ್ಟು ಅಂಟು ಬೆರೆಸಿ, ನಾರಿನ ಕುಂಚದಿಂದ ಒಳಗೂ ಹೊರಗೂ ಒಂದೇ ಸಮನೆ ಬಳಿದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ಕೆಲಸ ಮುಗಿಯಿತು. ಮೊದಲು ಒಳಗೋ ಮೊದಲು ಹೊರಗೋ ಎಂಬ ಜಿಜ್ಞಾಸೆ ಹುಟ್ಟುವಷ್ಟರಲ್ಲಿ ಸುಣ್ಣದ ಗಡಿಗೆ ಬರಿದಾಗುತ್ತಿತ್ತು.

ಈಗಿನ ಗೃಹಸ್ಥನಿಗೆ ಆ ನೆಮ್ಮದಿಯಿಲ್ಲ. ಹೊರಗಿನ ಬಣ್ಣವೇ ಬೇರೆ, ಒಳಗಿನದೇ ಬೇರೆ. ಚಾವಣಿಗೆ ಒಂದು, ಬಾಗಿಲು ಕಿಟಕಿಗಳಿಗೆ ಮತ್ತೊಂದು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ನೆಲ 120 ಚದರ ಅಡಿಯಷ್ಟೇ. ಹತ್ತು ಅಡಿ ಎತ್ತರದ ಅದರ ನಾಲ್ಕು ಗೋಡೆಗಳನ್ನೂ ಚಾವಣಿಯನ್ನೂ ಕೂಡಿಸಿದರೆ 560 ಚದರ ಅಡಿ. ನೆಲದ ಲೆಕ್ಕದಲ್ಲಿ ತನ್ನ ಮನೆ ಚಿಕ್ಕದೆಂದು ಕೊರಗುತ್ತಿದ್ದವನು ಬಣ್ಣದ ಲೆಕ್ಕದಲ್ಲಿ ಅದು ಅರಮನೆಯೆಂದು ಕಂಡು ಬೆಚ್ಚುತ್ತಾನೆ. ಎರಡು ಕೆಲಸವೂ ಒಟ್ಟಿಗೆ ಆಗದು, ಯಾವುದು ಮೊದಲು? 1954ರಲ್ಲಿ ಏಷಿಯನ್ ಪೇಂಟ್ಸ್ ಸಂಸ್ಥೆಗಾಗಿ ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ ಅವರು ‘ಗಟ್ಟು’ ಎಂಬ ತುಂಟ ಹುಡುಗನ ಚಿತ್ರವನ್ನು ಬರೆದುಕೊಟ್ಟರು. ಕುಂಚವನ್ನೂ ಬಣ್ಣದ ಡಬ್ಬಿಯನ್ನೂ ಹಿಡಿದು ಅವನು ಅನೇಕ ವರ್ಷ ದೇಶದ ಬೀದಿಬೀದಿಗಳಲ್ಲಿ ನಿಂತಿದ್ದ. ಯಾವ ಗೋಡೆ ಮೊದಲು ಎಂಬುದನ್ನು ಮಾತ್ರ ಅವನೂ ಬಾಯಿಬಿಟ್ಟು ಹೇಳಲಿಲ್ಲ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ಒಂದು ಮನೆಯಲ್ಲಿ ಈ ಪ್ರಶ್ನೆ ಗಣೇಶನ ಹಬ್ಬ ಕಳೆದ ಮರುವಾರವೇ ಎದ್ದಿತು. ಮನೆಯ ಯಜಮಾನರಾದ ರಾಯರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಮಗಳು ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ದೀಪಾವಳಿ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತೇವೆಂದು ಬೆಂಗಳೂರಿನಿಂದ ಗಂಡಿನ ಕಡೆಯವರು ತಿಳಿಸಿದ್ದರು. ಬ್ಯಾಂಕಿನಲ್ಲಿಟ್ಟಿದ್ದ ಠೇವಣಿಯೊಂದರ ಅವಧಿ ಮುಗಿದು ಎಂಬತ್ತು ಸಾವಿರ ರೂಪಾಯಿ ಕೈಗೆ ಬಂದಿತ್ತು. ಹೊರಗಿನ ಗೋಡೆಗಳಿಗೆ ಸಾರುವೆ ಕಟ್ಟಿ ಬಣ್ಣ ಬಳಿಸಿದರೆ ಅಷ್ಟೂ ಹಣ ಸರಿಹೋಗುತ್ತದೆ. ಒಳಗೆ ಬಳಿಸಿದರೂ ಅಷ್ಟೇ.

“ಮೊದಲು ಹೊರಗಡೆ ಆಗಲಿ” ಎಂಬುದು ರಾಯರ ಪಕ್ಷ. “ಬಂದವರು ಗೇಟಿನ ಮುಂದೆ ಕಾರು ನಿಲ್ಲಿಸಿದ ಕೂಡಲೆ ನೋಡುವುದು ಮುಂಭಾಗವನ್ನು. ಎದುರುಮನೆಯವರೂ ಪಕ್ಕದವರೂ ಕಳೆದ ವರ್ಷವೇ ಬಳಿಸಿದ್ದಾರೆ. ನಮ್ಮದೊಂದು ಮಾತ್ರ ಪಾಚಿಗಟ್ಟಿ ನಿಂತಿದೆ.”

“ಚೆನ್ನಾಯಿತು! ಗೇಟಿನ ಮುಂದೆ ಅವರು ನಿಲ್ಲುವುದು ಒಂದು ನಿಮಿಷ. ಹಜಾರದಲ್ಲಿ ಕುಳಿತುಕೊಳ್ಳುವುದು ಎರಡು ಗಂಟೆ” ಎಂದರು ಮನೆಯಾಕೆ. “ಉಪ್ಪಿಟ್ಟು ಕೇಸರಿಭಾತು ತಿನ್ನುತ್ತ ಅವರು ಆ ಎಣ್ಣೆಗರೆಯ ಗೋಡೆಯನ್ನೇ ನೋಡುತ್ತಿರಬೇಕೇನು?”

ಇಬ್ಬರ ವಾದದಲ್ಲಿಯೂ ಹುರುಳಿತ್ತು. ಆದರೆ ಸ್ವಲ್ಪ ವಿಚಾರಮಾಡಿದರೆ ಇಬ್ಬರೂ ಒಂದೇ ಮಾತನ್ನು ಹೇಳುತ್ತಿದ್ದರೆಂಬುದು ವೇದ್ಯವಾಗುತ್ತದೆ. ಗೋಡೆಯನ್ನು ಯಾರು ನೋಡುತ್ತಾರೆ ಎಂಬುದೇ ಇಬ್ಬರ ಅಳತೆಗೋಲು. ಒಬ್ಬರು ಬೀದಿಯ ಕಣ್ಣನ್ನು ನೆಚ್ಚಿದ್ದರು, ಇನ್ನೊಬ್ಬರು ಹಜಾರದ ಕಣ್ಣನ್ನು. ಮೇಲೆ ತಳಕು ಒಳಗೆ ಹುಳುಕು ಎಂಬ ಗಾದೆಯನ್ನು ಕೇಳಿ ಬೆಳೆದ ನಾಡಿನಲ್ಲಿ ಹೊರಗಿನ ಬಣ್ಣವೆಂದರೆ ಆಡಂಬರ, ಒಳಗಿನದೆಂದರೆ ಬಾಳುವೆ ಎಂಬ ಭಾವನೆ ಸಹಜ. ಮನುಷ್ಯನ ನಡತೆಗೆ ಆ ಗಾದೆ ಒಪ್ಪುವಷ್ಟು ಮನೆಯ ಗೋಡೆಗೆ ಒಪ್ಪುವುದೋ ಇಲ್ಲವೋ ಎಂಬುದು ಬೇರೆಯ ಮಾತು.

ವಾದ ಬಗೆಹರಿಯದೆ ಮೇಸ್ತ್ರಿಗೆ ಹೇಳಿಕಳಿಸಿದರು. ಬಂದವರು ಎಪ್ಪತ್ತು ದಾಟಿದ ಮುದುಕರು. ಅವರ ತಂದೆ ಸುಣ್ಣ ಬಳಿಯುತ್ತಿದ್ದವರು. ಮಕ್ಕಳು ಈಗ ಬಣ್ಣದ ಗುತ್ತಿಗೆ ಹಿಡಿಯುತ್ತಾರೆ. ಮನೆಯವರು ಬಣ್ಣದ ಪಟ್ಟಿಯನ್ನು ಮುಂದಿಟ್ಟರೆ ಅವರು ಅದನ್ನು ಮುಟ್ಟಲೇ ಇಲ್ಲ.

“ಈ ಮನೆಯಲ್ಲಿ ತೇವ ಯಾವ ಗೋಡೆಗಿದೆ, ಸ್ವಾಮಿ?” ಎಂದು ಕೇಳಿದರು.

ರಾಯರು ಕ್ಷಣಕಾಲ ತಡೆದು, “ಅಂಥದ್ದೇನಿಲ್ಲ. ಅಮ್ಮನ ಕೋಣೆಯಲ್ಲಿ ಸ್ವಲ್ಪ…” ಎಂದರು.

ನೈಋತ್ಯದ ಮೂಲೆಯ ಆ ಕೋಣೆಯಲ್ಲಿ ರಾಯರ ತಾಯಿ ಎಂಬತ್ತನಾಲ್ಕರ ಪ್ರಾಯದವರು ಮಂಚದ ಮೇಲೆ ಕುಳಿತಿದ್ದರು. ಮಂಚದ ಪಕ್ಕದ ಗೋಡೆಗೆ ದೊಡ್ಡದೊಂದು ಕ್ಯಾಲೆಂಡರು ತೂಗುತ್ತಿತ್ತು. ಸಾಮಾನ್ಯವಾಗಿ ಯಾರೂ ತೂಗುಹಾಕದಷ್ಟು ಕೆಳಗೆ, ಸೊಂಟದ ಮಟ್ಟಕ್ಕೆ. ಮೇಸ್ತ್ರಿ ಅದನ್ನು ಮೆಲ್ಲನೆ ಕಳಚಿದರು. ಹಿಂದಿನ ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಅಂಚಿನಲ್ಲಿ ಹತ್ತಿಯಂತೆ ಬಿಳಿಯ ಉಪ್ಪು ಅರಳಿತ್ತು. ನಡುವೆ ಕರಿಯ ಬೂಷ್ಟು. ಕ್ಯಾಲೆಂಡರಿನ ಬೆನ್ನಿಗೂ ಬೂಷ್ಟು ಹತ್ತಿತ್ತು.

“ನಾನೇ ಹಾಕಿಸಿದ್ದು” ಎಂದರು ಅಜ್ಜಿ, ತಪ್ಪೊಪ್ಪಿಕೊಳ್ಳುವವರಂತೆ. “ಬಂದವರ ಕಣ್ಣಿಗೆ ಬೀಳಬಾರದು ಅಂತ. ನನ್ನ ಕೋಣೆಯ ಮಾತು ಬಿಡಿ. ಹೆಣ್ಣು ನೋಡಲು ಬಂದವರು ಇಲ್ಲಿಗೇನು ಬರುವುದಿಲ್ಲ.” ಮಾತು ಮುಗಿಸುವ ಮುನ್ನ ಅವರಿಗೆ ಕೆಮ್ಮು ಬಂದಿತು. ಮಳೆಗಾಲದುದ್ದಕ್ಕೂ ಆ ಕೆಮ್ಮನ್ನು ಕೇಳುತ್ತಲೇ ಇದ್ದ ಮನೆಯವರು ಅದನ್ನು ಗೋಡೆಯೊಡನೆ ಕೂಡಿಸಿ ನೋಡಿರಲಿಲ್ಲ. ತೇವ ಮತ್ತು ಬೂಷ್ಟು ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆಯೂ ಆಸ್ತಮವೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದಕ್ಕೆಂದೇ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿತು. ತೇವವನ್ನು ಮರೆಮಾಚುವುದಲ್ಲ, ಅದು ಬಾರದಂತೆ ತಡೆಯುವುದೇ ಉಪಾಯವೆಂಬುದು ಅದರ ಸಾರ.

ಮೇಸ್ತ್ರಿ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದು ನಿಂತರು. ವೈದ್ಯನು ಹಣೆ ಮುಟ್ಟಿ ನೋಡುವಂತಿತ್ತು. ಅನಂತರ ಹೊರಗೆ ಹೋಗಿ ಅದೇ ಗೋಡೆಯ ಬೆನ್ನನ್ನು ಪರೀಕ್ಷಿಸಿದರು. ತಾರಸಿಯ ಪ್ಯಾರಪೆಟ್ ಗೋಡೆಯ ಕೆಳಗೆ ಕೂದಲಿನಷ್ಟು ಸಣ್ಣ ಬಿರುಕು. ಮಳೆನೀರು ಇಳಿಯುವ ಕೊಳವೆ ಗೋಡೆಗೆ ಸೇರುವಲ್ಲಿ ಒಂದು ಸಂದು. ಅಲ್ಲಿಂದ ಕೆಳಕ್ಕೆ ಪಾಚಿಯ ಹಸಿರು ಗೆರೆ. ಒಳಗಿನ ಕಲೆಗೂ ಹೊರಗಿನ ಗೆರೆಗೂ ನಡುವೆ ಇದ್ದುದು ಒಂಬತ್ತು ಅಂಗುಲದ ಇಟ್ಟಿಗೆ ಮಾತ್ರ.

“ಇದು ಎಷ್ಟನೆಯ ಸಲದ ಬಣ್ಣ?” ಎಂದು ಅವರು ಕೇಳಿದರು. ಆ ಕೋಣೆಗೆ ಏಳು ವರ್ಷದಲ್ಲಿ ಮೂರು ಸಲ ಬಳಿಸಿದ್ದಾಯಿತೆಂದೂ ಪ್ರತಿಸಲವೂ ದೀಪಾವಳಿಗೆ ಮುನ್ನ ಬಳಿಸಿದುದೆಂದೂ ಪ್ರತಿಸಲವೂ ಸಂಕ್ರಾಂತಿಯ ಹೊತ್ತಿಗೆ ಎದ್ದುಬಂದಿತೆಂದೂ ರಾಯರು ಲೆಕ್ಕ ಹೇಳಿದರು. ಲೆಕ್ಕ ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು.

ಹಬ್ಬಕ್ಕೆ ಮುನ್ನ ಗೋಡೆ ಬೆಳಗಿಸುವ ಪದ್ಧತಿ ಹಿಂದಿನಿಂದ ಬಂದದ್ದು. ಅದು ತಪ್ಪಲ್ಲ, ಅದು ಸುಣ್ಣಕ್ಕೆ ಹೊಂದಿದ ಪದ್ಧತಿ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡು ಹೊರಟುಹೋಗುತ್ತದೆ. ಉಳಿದುದನ್ನು ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದಾಗ ಅದು ಗಾಳಿಯಿಂದ ಆ ಡೈಆಕ್ಸೈಡನ್ನು ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಅಂದರೆ ಸುಣ್ಣ ಬಳಿದ ಗೋಡೆ ಉಟ್ಟಿರುವುದು ತೆಳುವಾದ ಕಲ್ಲಿನ ಬಟ್ಟೆ. ಈ ಮಾರ್ಪಾಡಿಗೆ ಗೋಡೆಯಲ್ಲಿ ಸ್ವಲ್ಪ ತೇವ ಬೇಕೇ ಬೇಕು. ಒಣಗಿದ ಗೋಡೆಗೆ ನೀರು ಚಿಮುಕಿಸಿಯೇ ಬಳಿಯುತ್ತಾರೆ. ಬಳಿದ ಮೇಲೆಯೂ ಅದರ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಯ ಹಸಿ ಹೊರಕ್ಕೆ ಆರುತ್ತದೆ. ಸಾಲದುದಕ್ಕೆ ಸುಣ್ಣದ ಕ್ಷಾರಗುಣಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ. ಆದುದರಿಂದ ಮಳೆ ಹಿಂದೆಗೆಯುವ ಆಶ್ವಯುಜದಲ್ಲಿ ಸುಣ್ಣ ಬಳಿದ ಅಜ್ಜಂದಿರು ಮೂಢರಲ್ಲ.

ಎಮಲ್ಷನ್ ಬಣ್ಣದ ಜಾತಿಯೇ ಬೇರೆ. ಅದು ಒಣಗಿದಾಗ ಗೋಡೆಯ ಮೇಲೆ ತೆಳುವಾದ ಪೊರೆಯಾಗುತ್ತದೆ. ಒಣಗಿದ ಗೋಡೆಗೆ ಆ ಪೊರೆ ಭೂಷಣ; ಹಸಿಯ ಗೋಡೆಗೆ ಅದೇ ಬಾಯಿಗೆ ಕಟ್ಟಿದ ಬಟ್ಟೆ. ಹೊರಬರಲು ದಾರಿ ಕಾಣದ ನೀರು ಪೊರೆಯನ್ನು ಊದಿಸಿ ಎಬ್ಬಿಸುತ್ತದೆ. ನೀರಿನೊಡನೆ ಬಂದ ಲವಣ ಅದರ ಹಿಂದೆ ಅರಳಿ ಗಾರೆಯನ್ನು ಪುಡಿಮಾಡುತ್ತದೆ. ಮೈಸೂರಿನಲ್ಲಿ ಅಕ್ಟೋಬರ್ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲೊಂದು. ದೀಪಾವಳಿ ಬರುವುದು ಅದರ ಬೆನ್ನಿಗೇ. ಅಜ್ಜನ ತಿಥಿಗೆ ಮೊಮ್ಮಗನ ಬಣ್ಣವನ್ನು ಬಳಿದುದೇ ಆ ಕೋಣೆಯ ಮೂರು ಸಲದ ಹಣ ನೀರಾಗಲು ಕಾರಣ.

ಬಣ್ಣಕ್ಕೂ ಅದು ಕೂರುವ ಮೈಗೂ ಇರುವ ನಂಟಿನ ಮರ್ಮವನ್ನು ಮೈಸೂರಿನವರು ಎಲ್ಲರಿಗಿಂತ ಚೆನ್ನಾಗಿ ಬಲ್ಲರೆನ್ನಬಹುದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾಗಿ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಿಂದಿರುವ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ಇತ್ತ ಮತದಾರರ ಬೆರಳಿಗೆ ಹಚ್ಚುವ ಮಸಿಯನ್ನು ತಯಾರಿಸುತ್ತಿದೆ. ಅದರಲ್ಲಿರುವ ಬೆಳ್ಳಿಯ ಲವಣ ಚರ್ಮದೊಡನೆ ಬೆರೆತುಹೋಗುವುದರಿಂದ ಸೋಪಿಗೂ ನೀರಿಗೂ ಜಗ್ಗುವುದಿಲ್ಲ. ಒಂದು ತೊಟ್ಟು ಮಸಿ ಬೆರಳ ಮೇಲೆ ವಾರಗಟ್ಟಲೆ ನಿಲ್ಲುತ್ತದೆ; ಡಬ್ಬಿಗಟ್ಟಲೆ ಬಣ್ಣ ಹಸಿಗೋಡೆಯ ಮೇಲೆ ಮೂರು ತಿಂಗಳು ನಿಲ್ಲುವುದಿಲ್ಲ. ವ್ಯತ್ಯಾಸ ಬಣ್ಣದ ಬೆಲೆಯಲ್ಲಿಲ್ಲ, ಹಿಡಿತದಲ್ಲಿದೆ.

ಮೇಸ್ತ್ರಿಯ ತೀರ್ಪು ಚುಟುಕಾಗಿತ್ತು. “ಹೊರಗೆ ಮೊದಲು, ಸ್ವಾಮಿ. ಆದರೆ ಬಣ್ಣ ಮೊದಲಲ್ಲ. ಬಿಸಿಲು ಬಿದ್ದ ನಾಲ್ಕು ದಿನ ನೋಡಿಕೊಂಡು ಬಿರುಕನ್ನೂ ಕೊಳವೆಯ ಸಂದನ್ನೂ ಮುಚ್ಚೋಣ. ಅಮ್ಮನ ಕೋಣೆಯ ಗೋಡೆಯನ್ನು ಗಾರೆ ಕಾಣುವವರೆಗೆ ಕೆರೆದು ಹಾಗೆಯೇ ಬಿಡಬೇಕು. ಸಂಕ್ರಾಂತಿ ಕಳೆದ ಮೇಲೆ ಹೊರಗಡೆ ಬಣ್ಣ. ಒಳಗಡೆಯದು ಯುಗಾದಿಗೆ.”

“ಸಂಕ್ರಾಂತಿಯೇ? ದೀಪಾವಳಿಗೆ ಬರುವವರ ಗತಿ?” ಎಂದರು ಮನೆಯಾಕೆ. “ಹೊರಗೂ ಇಲ್ಲ, ಒಳಗೂ ಇಲ್ಲ, ಮೇಲಾಗಿ ಒಂದು ಕೋಣೆ ಕೆರೆದ ಗೋಡೆ ಬೇರೆ! ಹೆಣ್ಣು ನೋಡಲು ಬಂದವರಿಗೆ ಪಾಳುಮನೆ ತೋರಿಸಿದ ಹಾಗಾಗುವುದಿಲ್ಲವೇ?”

ರಾಯರು ಮೇಸ್ತ್ರಿಯ ಮುಖವನ್ನು ನೋಡಿದರು. ಹೆಂಡತಿಯ ಮುಖವನ್ನು ನೋಡಿದರು. ಎಂಬತ್ತು ಸಾವಿರ ಮತ್ತೆ ಬೇಗನೆ ಕೈಗೆ ಬರುವ ಹಣವಲ್ಲ. ಹಜಾರಕ್ಕೆ ಸುರಿದರೆ ಈ ಹಬ್ಬದ ಮರ್ಯಾದೆ ಉಳಿಯುತ್ತದೆ. ಮಳೆಗಾಲ ಮತ್ತೆ ಬಂದಾಗ ಗೋಡೆ ಯಾರ ಮರ್ಯಾದೆಯನ್ನೂ ನೋಡುವುದಿಲ್ಲ.

ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದ ಮಗಳು ಒಳಗೆ ಬಂದು ಅಜ್ಜಿಯ ದಿಂಬನ್ನು ಎತ್ತಿಕೊಂಡಳು. ದಿಂಬಿನ ಗೋಡೆಯ ಕಡೆಯ ಮಗ್ಗುಲು ಒದ್ದೆಯಾಗಿತ್ತು. “ಅಪ್ಪ, ಅಜ್ಜಿ ಇನ್ನೊಂದು ಮಳೆಗಾಲ ಇಲ್ಲಿ ಮಲಗುವುದು ಬೇಡ. ಮಂಚವನ್ನು ಹಜಾರಕ್ಕೆ ಹಾಕೋಣ” ಎಂದಳು.

“ಹಜಾರಕ್ಕೆ? ಬರುವವರು…”

“ಬರುವವರು ಬರಲಿ ಅಮ್ಮ. ಅಜ್ಜಿಯೂ ಅವರೊಡನೆ ಕುಳಿತಿರಲಿ.”

ಅಂದಿಗೆ ವಾದ ಮುಗಿಯಿತು.

ಕೆಲಸದ ಕ್ರಮದಲ್ಲಿ ಹೊರಗೋಡೆಗೆ ಮೊದಲ ಸ್ಥಾನವೆಂದರೆ ಆಡಂಬರಕ್ಕೆ ಮೊದಲ ಸ್ಥಾನವೆಂದಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲ ಹತ್ತಿರವಾದಾಗ ಗಾಳಿಮಳೆ ಬಡಿಯುವ ಕಡೆಗೆ ಸೋಗೆಯ ತಟ್ಟಿಯನ್ನೋ ತೆಂಗಿನ ಮಡಲನ್ನೋ ಕಟ್ಟುತ್ತಿದ್ದರು. ಅದನ್ನು ಯಾರೂ ಅಲಂಕಾರವೆಂದು ಕರೆಯಲಿಲ್ಲ. ಮಣ್ಣಿನ ಗೋಡೆಯನ್ನೂ ಅದರ ಹಿಂದೆ ಮಲಗುವವರನ್ನೂ ಕಾಯಲು ಅದು ಗೋಡೆಗೆ ಹೊದಿಸಿದ ಕಂಬಳಿ. ಈಗಿನ ಹೊರಗಿನ ಬಣ್ಣವೂ ಅದೇ ತಟ್ಟಿಯ ವಂಶದ್ದು. ಬೀದಿಯವರು ಅದನ್ನು ನೋಡುತ್ತಾರೆಂಬುದು ಆಕಸ್ಮಿಕ; ಒಳಗಿನವರು ಅದರ ಆಸರೆಯಲ್ಲಿದ್ದಾರೆಂಬುದೇ ಅದರ ಪ್ರಯೋಜನ. ಹೊರಗೋಡೆಗೆ ಬಣ್ಣ ಬಳಿಸುವುದು ಒಳಗಿನವರಿಗಾಗಿ.

ಈ ತತ್ತ್ವವನ್ನು ಒಪ್ಪಿದರೆ ಉಳಿದ ಕ್ರಮ ತಾನಾಗಿಯೇ ಹೊಳೆಯುತ್ತದೆ. ಮೊದಲು ತಾರಸಿ, ಆಮೇಲೆ ಪ್ಯಾರಪೆಟ್, ಸಜ್ಜಾ, ಕೊಳವೆಗಳು; ನೀರು ಇಳಿಯುವ ದಾರಿಯೇ ಮೇಸ್ತ್ರಿಯ ದಾರಿ. ಹೊಸದಾಗಿ ಗಾರೆ ಮೆತ್ತಿದ ಕಡೆ ನಾಲ್ಕು ವಾರವಾದರೂ ಕಾಯದೆ ಬಣ್ಣ ಮುಟ್ಟಿಸಬಾರದು. ಗೋಡೆ ಒಣಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಅಂಟುಪಟ್ಟಿ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹಿಂದೆ ಹನಿ ಕಟ್ಟಿದರೆ ತೇವ ಗೋಡೆಯದು. ಮುಂದೆ ಕಟ್ಟಿದರೆ ಕೋಣೆಯ ಗಾಳಿಯದು, ಅದಕ್ಕೆ ಕಿಟಕಿ ತೆರೆಯುವುದೇ ಮದ್ದು. ಹೊರಗಿನ ಕೆಲಸ ಮುಗಿದು ಒಳಗೆ ಬಂದಾಗ ಚಾವಣಿ ಮೊದಲು, ಗೋಡೆ ಆಮೇಲೆ, ಬಾಗಿಲು ಕಿಟಕಿ ಕಡೆಗೆ.

ಹಳೆಯ ಮನೆಗಳವರು ಬಾಗಿಲು ಕಿಟಕಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಎಣ್ಣೆಬಣ್ಣದ ಪದರಗಳಲ್ಲಿ ಸೀಸ ಹೆಚ್ಚಾಗಿರಬಹುದು. ಅವನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ಉಜ್ಜಿದರೆ ಆ ಧೂಳು ಮನೆಯನ್ನೆಲ್ಲ ತುಂಬುತ್ತದೆ. ಹಾನಿ ಹೆಚ್ಚು ತಟ್ಟುವುದು ಮಕ್ಕಳಿಗೆ. ನೀರು ಹಚ್ಚಿ ಒದ್ದೆಯಾಗಿಯೇ ಕೆರೆಯಬೇಕು, ಮಕ್ಕಳನ್ನು ದೂರವಿಡಬೇಕು.

ಹಾಗೆಂದು ಒಳಗೆ ಮೊದಲು ಬಳಿಸುವವರೆಲ್ಲ ತಪ್ಪಿದವರೆಂದಲ್ಲ. ಗೋಡೆ ನಿಜವಾಗಿ ಒಣಗಿದ್ದರೆ, ತಾರಸಿ ಸೋರದಿದ್ದರೆ, ಯಾವುದನ್ನು ಮೊದಲು ಮಾಡಿಸಿದರೂ ಗೋಡೆ ಸಿಟ್ಟಾಗುವುದಿಲ್ಲ. ಬಹುಮಹಡಿಯ ವಸತಿಗಳಲ್ಲಿರುವವರಿಗಂತೂ ಹೊರಗೋಡೆ ಹತ್ತು ಸಂಸಾರಗಳ ಸಮಾನ ಸ್ವತ್ತು. ಅದರ ತೀರ್ಮಾನ ಸಂಘದ ಸಭೆಯಲ್ಲಿ ಆಗಬೇಕು. ಅಂಥ ಸಭೆಗಳು ಮುಗಿಯುವುದನ್ನು ಕಾಯುತ್ತ ಕುಳಿತವನ ಒಳಗೋಡೆ ಎಂದಿಗೂ ಬಣ್ಣ ಕಾಣದು.

ದೀಪಾವಳಿ ಕಳೆದ ಎರಡನೆಯ ಭಾನುವಾರ ಬೆಂಗಳೂರಿನವರು ಬಂದರು. ಹಜಾರದ ಗೋಡೆಯನ್ನು ಸೋಪಿನ ನೀರಿನಲ್ಲಿ ತೊಳೆದಿದ್ದರು. ಎಣ್ಣೆಗರೆ ಮುಕ್ಕಾಲುಪಾಲು ಹೋಗಿತ್ತು. ಮೂಲೆಯಲ್ಲಿ ಅಜ್ಜಿಯ ಮಂಚ. ಗಂಡಿನ ತಾಯಿ ಅಜ್ಜಿಗೆ ನಮಸ್ಕರಿಸಿ ಪಕ್ಕದಲ್ಲಿ ಕುಳಿತು, “ಇಲ್ಲೇ ಮಲಗುತ್ತೀರಾ ಅಮ್ಮ?” ಎಂದು ಕೇಳಿದರು. ಅಜ್ಜಿಗೆ ಏನು ಹೇಳಬೇಕೆಂದು ತೋಚದೆ, “ನನ್ನ ಕೋಣೆಯ ಗೋಡೆ ಒಣಗುತ್ತಿದೆ” ಎಂದುಬಿಟ್ಟರು. ಆಕೆ ಎದ್ದುಹೋಗಿ ಆ ಕೋಣೆಯನ್ನು ನೋಡಿದರು. ಮನೆಯಾಕೆಯ ಎದೆ ಡವಗುಟ್ಟಿತು.

ಕೆರೆದ ಗಾರೆಯ ಮೇಲೆ ಬಂದವರು ಕೈಯಾಡಿಸಿದರು. “ನಮ್ಮ ಮನೆಯಲ್ಲೂ ಇಂಥದೇ ಒಂದು ಗೋಡೆಯಿದೆ” ಎಂದರು. “ವರ್ಷ ಬಿಟ್ಟು ವರ್ಷ ಬಣ್ಣ ಹೊಡೆಸುತ್ತೇವೆ. ಕೆರೆಸುವ ಧೈರ್ಯ ನಮಗೆ ಬರಲಿಲ್ಲ.” ಹೊರಡುವಾಗ ಮೇಸ್ತ್ರಿಯ ಫೋನ್ ನಂಬರನ್ನು ಬರೆದುಕೊಂಡು ಹೋದರು.

ಆ ಸಂಬಂಧದ ಮಾತುಕತೆ ಇನ್ನೂ ಮೂರು ತಿಂಗಳು ನಡೆದು, ಎರಡು ಕಡೆಯವರೂ ಹಟಮಾಡಿ, ಎರಡು ಕಡೆಯವರೂ ಬಿಟ್ಟುಕೊಟ್ಟು, ಕೊನೆಗೆ ಕುದುರಿತು. ಅದಕ್ಕೆ ಗೋಡೆ ಕಾರಣವೆಂದು ಹೇಳುವಂತಿಲ್ಲ. ಗೋಡೆಯಿಂದ ಅದು ಕೆಡಲಿಲ್ಲವೆಂಬುದಷ್ಟು ನಿಶ್ಚಯ.

ಜನವರಿಯಲ್ಲಿ ಅಂಟಿಸಿದ ಪ್ಲಾಸ್ಟಿಕ್ ಹಾಳೆಯ ಹಿಂದೆ ಹನಿಯಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹೊರಗೋಡೆಗಳಿಗೆ ಬಣ್ಣವಾಯಿತು. ಉಳಿದ ಸ್ವಲ್ಪ ಹಣದಲ್ಲಿ ಯುಗಾದಿಗೆ ಅಜ್ಜಿಯ ಕೋಣೆಯೊಂದನ್ನೇ ಬಳಿಸಿದರು. ಹಜಾರದ ಸರದಿ ಮುಂದಿನ ವರ್ಷಕ್ಕೆ ಹೋಯಿತು. ಹಬ್ಬದ ದಿನ ಬೆಳಿಗ್ಗೆ ಮಂಚ ತನ್ನ ಸ್ಥಳಕ್ಕೆ ಮರಳಿತು. ರಾಯರು ಕ್ಯಾಲೆಂಡರನ್ನು ಹಿಡಿದು, ಮೊದಲಿನ ಮೊಳೆಗೇ ಹಾಕಲೇ ಎಂದು ತಾಯಿಯನ್ನು ಕೇಳಿದರು.

“ಅಲ್ಲಿ ಬೇಡಪ್ಪ, ತೀರ ಕೆಳಗಾಯಿತು” ಎಂದರು ಅಜ್ಜಿ. “ಎದುರಿನ ಗೋಡೆಗೆ ಎತ್ತರವಾಗಿ ಹಾಕು. ಮಲಗಿದಲ್ಲಿಂದಲೇ ತಿಥಿ ನೋಡಬಹುದು.”